ಕೆಂಪು ಪೆನ್ಸಿಲಿನ ಗೀಟು

ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟದ ಮೇಜಿಗೆ ತಟ್ಟೆಗಿಂತ ಮೊದಲು ಪೆನ್ಸಿಲುಗಳು ಬರುತ್ತಿದ್ದವು. ಅತ್ತೆಗೆ ನೀಲಿ, ಮಗಳಿಗೆ ಹಸಿರು, ಅಕ್ಕನಿಗೆ ಕೆಂಪು. ಮನೆಯ ಯಜಮಾನ ಕತೆಗಾರ. ಹತ್ತು ಹನ್ನೆರಡು ವಯಸ್ಸಿನ ಮಕ್ಕಳು ಬಿದ್ದು ಬಿದ್ದು ನಗುವಂಥ ಸಾಹಸದ ಕಾದಂಬರಿ ಬರೆಯುವುದು ಅವನ ಕಸುಬು. ವಾರಕ್ಕೊಂದು ಅಧ್ಯಾಯ ಬರೆದು, ಟೈಪಾದ ಮೇಲೆ ಒಬ್ಬೊಬ್ಬರ ಕೈಗೂ ಒಂದೊಂದು ಪ್ರತಿ ಕೊಟ್ಟು, ಊಟ ಮಾಡುತ್ತಿರುವಾಗ ತಾನೇ ಗಟ್ಟಿಯಾಗಿ ಓದುವನು. ನಗು ಬಂದ ಕಡೆ ಕೇಳುವವರು ಅಂಚಿನಲ್ಲಿ ಗೀಟು ಎಳೆಯಬೇಕು. ಹತ್ತು ಗೀಟು ಬಿದ್ದರೆ ಅಧ್ಯಾಯ ಉಳಿಯಿತು. ಇಲ್ಲದಿದ್ದರೆ ಕಸದ ಬುಟ್ಟಿಗೆ.

ಅಕ್ಕ ಅಂದರೆ ಕತೆಗಾರನ ಹೆಂಡತಿ. ಅವಳ ತಮ್ಮ ಹಾಗೆ ಕರೆಯುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಅಕ್ಕ ಅನ್ನುವುದನ್ನೇ ರೂಢಿ ಮಾಡಿಕೊಂಡಿದ್ದರು. ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟು. ಗಂಡನ ಪುಸ್ತಕಗಳನ್ನೂ ಅವಳೇ ಟೈಪು ಮಾಡಬೇಕು. ಆರು ಪುಸ್ತಕ ಹೊರಬಂದಿದ್ದವು, ಅವಳ ಕೆಂಪು ಪೆನ್ಸಿಲಿನ ಮೊನೆ ಅಂಗಡಿಯಿಂದ ತಂದ ಹಾಗೇ ಇತ್ತು.

"ಊರಿನ ಮಕ್ಕಳೆಲ್ಲ ನಗ್ತಾರೆ, ಕಟ್ಕೊಂಡವಳ ಬಾಯಿ ಮಾತ್ರ ಹೊಲಿದು ಹಾಕಿದ ಹಾಗಿದೆ," ಅನ್ನುವನು ಕತೆಗಾರ.

"ಬೆಳಗಿನಿಂದ ಸಂಜೆವರೆಗೆ ಕರಾರುಪತ್ರ ಟೈಪ್ ಮಾಡೋಳಿಗೆ ಅಕ್ಷರ ಕಾಣತ್ತೆ ರೀ, ಕತೆ ಕಾಣಲ್ಲ," ಅನ್ನುವಳು ಅಕ್ಕ. ಅರ್ಧ ನಿಜ. ಇನ್ನರ್ಧ ಅವಳ ಬೆನ್ನ ಹಿಂದೆ ಸೌಟು ಹಿಡಿದು ನಿಂತಿರುತ್ತಿತ್ತು.

ಅದು ಅವಳ ತಮ್ಮ. ಆರು ವರ್ಷದ ಹಿಂದಿನವರೆಗೆ ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಒಂದು ದಿನ ಮರದ ಅಟ್ಟಣಿಗೆ ಮುರಿದು ಜೊತೆಗಾರ ಸತ್ತ, ಇವನು ಉಳಿದ. ಉಳಿದದ್ದು ಏನು ಬಂತು, ಕೈ ನಡುಗುವುದಕ್ಕೆ ಹತ್ತಿತು. ಎರಡು ವಾರ ಇದ್ದು ಹೋಗುತ್ತೇನೆಂದು ಅಕ್ಕನ ಮನೆಗೆ ಬಂದವನು ಅಲ್ಲೇ ಅಡುಗೆ ಕಲಿತು ಉಳಿದುಬಿಟ್ಟ. ಬಂದ ಹೊಸತರಲ್ಲಿ ಡಬ್ಬ ತೆಗೆಯಲು ಮೊಣಕಾಲೆತ್ತರದ ಸ್ಟೂಲು ಹತ್ತಿ, ಇಳಿಯಲಾಗದೆ, ಅರ್ಧ ಗಂಟೆ ಗೋಡೆ ತಬ್ಬಿಕೊಂಡು ನಿಂತ. ಆಗ ಐದು ವರ್ಷದವಳಿದ್ದ ಮಗಳು ನಕ್ಕಳು ನೋಡಿ, ಕತೆಗಾರನ ಅದೃಷ್ಟ ಖುಲಾಯಿಸಿತು. ಅಲ್ಲಿಯವರೆಗೆ ದ್ವೀಪ, ಸಿಂಹ, ಕಡಲುಗಳ್ಳರು ಅಂತ ಬರೆದು ಬರೆದು ಪ್ರಕಾಶಕರಿಂದ ಕಟ್ಟುಗಟ್ಟಲೆ ವಾಪಸು ತರಿಸಿಕೊಂಡಿದ್ದವನು 'ಪುಕ್ಕಲು ಮಾಮ' ಅನ್ನುವವನನ್ನು ಸೃಷ್ಟಿಸಿದ. ಅವನನ್ನು ಗೋಳು ಹುಯ್ದುಕೊಳ್ಳುವ ಚುರುಕು ಹುಡುಗಿಗೆ ಮಗಳ ಮುದ್ದಿನ ಹೆಸರನ್ನೇ ಇಟ್ಟ, ಚೂಟಿ. ಆರು ವರ್ಷ, ಆರು ಪುಸ್ತಕ. ಶಾಲೆ ಬಿಡುವ ಹೊತ್ತಿಗೆ ತಮ್ಮ ತರಕಾರಿಗೆ ಹೊರಟರೆ ಬೀದಿಯ ಮಕ್ಕಳೆಲ್ಲ "ಪುಕ್ಕಲು ಮಾಮ ಬಂದ" ಅಂತ ಹಿಂದೆ ಬರುತ್ತಿದ್ದರು.

ಭಾನುವಾರದ ಮೇಜಿನಲ್ಲಿ ಅವನಿಗೆ ಪೆನ್ಸಿಲ್ ಇರಲಿಲ್ಲ. "ಅವನಿಗ್ಯಾತಕ್ಕೆ? ಅವನೇ ಕತೆ," ಅನ್ನುತ್ತಿದ್ದರು ಅತ್ತೆ.

ಏಳನೇ ಪುಸ್ತಕ ಶುರುವಾಗುವ ಹೊತ್ತಿಗೆ ಒಂದು ಎಡವಟ್ಟಾಯಿತು. ತಮ್ಮನಿಗೆ ವಾಸಿಯಾಗುತ್ತಾ ಬಂದಿತ್ತು. ಸ್ಟೂಲು ಹತ್ತಿ ಇಳಿಯುತ್ತಿದ್ದ. ಕೈಯಿಂದ ಲೋಟ ಜಾರುವುದು ನಿಂತಿತ್ತು. ಕತೆಗಾರ ತಾನಾಗಿಯೇ ಕಲ್ಪಿಸಿಕೊಂಡು ಎರಡು ಅಧ್ಯಾಯ ಓದಿದ. ಮೊದಲನೆಯದಕ್ಕೆ ನಾಲ್ಕು ಗೀಟು, ಎರಡನೆಯದಕ್ಕೆ ಎರಡು.

"ಅಪ್ಪಾ, ಬೋರು," ಅಂದಳು ಚೂಟಿ. ಹನ್ನೊಂದು ವರ್ಷದವಳು, ದಾಕ್ಷಿಣ್ಯ ಗೊತ್ತಿಲ್ಲ. "ಇದು ಮಾಮನ ಹಾಗೇ ಇಲ್ಲ."

"ಮಾಮನೇ ಮಾಮನ ಹಾಗಿಲ್ಲವಲ್ಲಮ್ಮ, ನಾನೇನು ಮಾಡ್ಲಿ?" ಅಂದ ಕತೆಗಾರ, ಭಾವಮೈದನ ಕಡೆ ನೋಡುತ್ತಾ. ತಮ್ಮ ಏನೋ ತಪ್ಪು ಮಾಡಿದವನಂತೆ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದ.

ಅದೇ ವಾರ ಅಕ್ಕನ ಕಚೇರಿಗೆ ವಿದ್ಯಾರ್ಥಿ ನಿಲಯದ ಮೇಲ್ವಿಚಾರಕಿ ಬಂದಿದ್ದಳು. ನೂರಿಪ್ಪತ್ತು ಮಕ್ಕಳಿಗೆ ಅಡುಗೆಯವರು ಬೇಕಂತೆ, ಇರಲು ಕೋಣೆಯನ್ನೂ ಕೊಡುತ್ತಾರಂತೆ. ಅಕ್ಕ ನಾಚಿಕೆ ಬಿಟ್ಟು ಬಾಯಿಬಿಟ್ಟು ಕೇಳಿದಳು. "ಮೂರು ವಾರ ಬಿಟ್ಟು ಶನಿವಾರ ಬರಲಿ. ಒಂದು ಹೊತ್ತಿನ ಅಡುಗೆ ಮಾಡಿ ತೋರಿಸಲಿ, ನೋಡೋಣ," ಅಂದಳು ಆಕೆ.

ಸಂಜೆ ವಿಷಯ ಹೇಳಿದಾಗ ತಮ್ಮನ ಮುಖ ನೋಡಬೇಕಿತ್ತು. "ಕೋಣೆನಾ? ನನಗೇನಾ?" ಅಂದ. "ಬಾಗಿಲು ಇರತ್ತಾ ಅಕ್ಕ?"

"ಬಾಗಿಲು ಇಲ್ಲದ ಕೋಣೆ ಎಲ್ಲಿರತ್ತೋ!" ಅಕ್ಕ ಬೈದಳು. ಆರು ವರ್ಷದಿಂದ ಅವನು ಅಡುಗೆಮನೆ ಮತ್ತು ಬಚ್ಚಲಿನ ನಡುವಿನ ಓಣಿಯಲ್ಲಿ ಹಾಸಿಗೆ ಬಿಡಿಸುತ್ತಿದ್ದ.

"ಹೌದಾ, ಹೋಗಲಿ ಬಿಡಿ," ಅತ್ತೆ ಮೂಗು ಮುರಿದರು. "ನಾಳೆಯಿಂದ ಈ ಮನೆ ಒಲೆ ಮುಂದೆ ಯಾರು ನಿಲ್ಲೋದು? ನೀನಾ? ನಿನ್ನ ಕೈಯಡುಗೆ ತಿಂದು ಆರು ವರ್ಷ ಆಯ್ತು, ನಾನು ಇನ್ನೊಂದಾರು ವರ್ಷ ಬದುಕಬೇಕು ಅಂತಿದೀನಿ."

ಕತೆಗಾರ ರೊಟ್ಟಿಯನ್ನು ಬಹಳ ಹೊತ್ತು ಅಗಿದ. ಆಮೇಲೆ, "ಒಳ್ಳೇದಾಯ್ತು ಕಣಯ್ಯಾ," ಅಂದ.

ಮರುವಾರ ಗುರುವಾರ ಅಕ್ಕ ಕಚೇರಿಯಿಂದ ಬರುವಾಗ ಮನೆಯೆದುರು ಬೀದಿಯೇ ನೆರೆದಿತ್ತು. ಎಲ್ಲರ ಕತ್ತು ಮೇಲಕ್ಕೆ. ತಾರಸಿಯ ಮೇಲೆ ತಮ್ಮ ನೀರಿನ ತೊಟ್ಟಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಹಾಸಿಗೆಯ ಹೊದಿಕೆ ಒಣಹಾಕಲು ಹೋಗಿದ್ದನಂತೆ, ಯಾರೋ ಕೆಳಗಿನಿಂದ ಚಿಲಕ ಹಾಕಿದ್ದರಂತೆ. ಎರಡು ಗಂಟೆ. ಪ್ಯಾಂಟು ಒದ್ದೆಯಾಗಿತ್ತು. ಮಕ್ಕಳು ಅದನ್ನೂ ನೋಡಿದ್ದರು. ಅಕ್ಕ ಮೇಲೆ ಹೋಗಿ ಒಂದೊಂದೇ ಬೆರಳು ಬಿಡಿಸಿ ಅವನನ್ನು ಕೆಳಗಿಳಿಸಿದಳು.

"ಯಾರೋ ಚಿಲಕ ಹಾಕಿದ್ದು?"

"ಗಾಳಿ ಇರಬೇಕು ಬಿಡಕ್ಕ," ಅಂದ ತಮ್ಮ.

ಭಾನುವಾರ ಕತೆಗಾರ ತಾರಸಿಯ ಅಧ್ಯಾಯ ಓದಿದ. ಹದಿನಾಲ್ಕು ಗೀಟು. ಅತ್ತೆ ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡು ನಕ್ಕರು. "ಗುರುವಾರ ಆಗಿದ್ದು ಭಾನುವಾರಕ್ಕೆ ಕತೆ! ನನ್ನ ಮಗನ ತಲೆಯೇ ತಲೆ," ಅಂದರು. ತಮ್ಮನೂ ಸೌಟು ಹಿಡಿದು ನಿಂತು ಹಲ್ಲು ಕಿರಿದ. ಅಕ್ಕನ ಕೆಂಪು ಪೆನ್ಸಿಲು ತಟ್ಟೆಯ ಪಕ್ಕದಲ್ಲೇ ಬಿದ್ದಿತ್ತು. ಈ ಹಾಳೆಗಳನ್ನು ತಾನು ಯಾವತ್ತು ಟೈಪು ಮಾಡಿದ್ದು ಅಂತ ಅವಳಿಗೆ ಒಂದು ಕ್ಷಣ ಅನುಮಾನ ಬಂತು, ಅಷ್ಟರಲ್ಲಿ ಬೇಳೆ ಬೇಕಾ ಅಂತ ತಮ್ಮ ಕೇಳಿದ, ಮರೆತುಹೋಯಿತು.

ಅದರ ಮುಂದಿನ ವಾರ ಅವನ ಚಪ್ಪಲಿಯೊಳಗೆ ಅಂಟು. ಅದಕ್ಕೆ ಹದಿನೇಳು ಗೀಟು, ಅವನ ಅಂಗಾಲಿನ ಚರ್ಮವೂ ಸ್ವಲ್ಪ ಹೋಯಿತು.

ಮೂರನೇ ವಾರ, ಸೋಮವಾರ ಬೆಳಿಗ್ಗೆ. ಕತೆಗಾರ ಹೊಸ ಅಧ್ಯಾಯದ ಕೈಬರಹವನ್ನು ಎಂದಿನಂತೆ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬದ ಕೆಳಗೆ ಇಟ್ಟಿದ್ದ. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿದ್ದ ಅಕ್ಕ ಸುಮ್ಮನೆ ಕೈಗೆತ್ತಿಕೊಂಡಳು. ಟೈಪು ಮಾಡುವುದಕ್ಕಲ್ಲ, ಓದುವುದಕ್ಕೆ. ಪುಕ್ಕಲು ಮಾಮನಿಗೆ ಅರಮನೆಯಲ್ಲಿ ಅಡುಗೆ ಮಾಡುವ ಯೋಗ. ಚೂಟಿ ಉಪ್ಪಿನ ಡಬ್ಬಕ್ಕೆ ಸೋಡಾಪುಡಿ ತುಂಬಿಸುತ್ತಾಳೆ. ಕುದಿಯುವ ಟೊಮೆಟೊ ಸೂಪಿಗೆ ಮಾಮ ಹಿಡಿ ತುಂಬ 'ಉಪ್ಪು' ಹಾಕುತ್ತಾನೆ. ಕೆಂಪು ನೊರೆ ಎದ್ದು, ಒಲೆ ಆರಿಸಿ, ಬಾಗಿಲು ದಾಟಿ, ಮೆಟ್ಟಿಲು ಇಳಿದು ಸಿಂಹಾಸನದ ಕಡೆ ನಡೆಯುತ್ತದೆ. ಮಾಮ ಅದರ ಹಿಂದೆ ಸೌಟು ಹಿಡಿದು, "ಸ್ವಲ್ಪ ನಿಲ್ಲಿ ಸ್ವಾಮಿ, ರುಚಿ ನೋಡಬೇಕು" ಅಂತ ಬೇಡಿಕೊಳ್ಳುತ್ತಾ ಓಡುತ್ತಾನೆ.

ಅಕ್ಕನಿಗೆ ನಗು ಬಂತು. ಬಂತು ಅಂದರೆ ಹಾಗಲ್ಲ, ಒತ್ತಿಕೊಂಡು ಬಂತು. ಹಾಲು ಉಕ್ಕಿತು, ಅವಳು ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕತೆಗಾರ ಬಚ್ಚಲಿನಿಂದ ನೊರೆ ಮುಖದಲ್ಲೇ ಓಡಿಬಂದ. "ನಕ್ಕಳು! ಅಮ್ಮಾ, ಇವಳು ನಕ್ಕಳು! ಎಲ್ಲಿ, ಎಲ್ಲಿ ನಕ್ಕೆ? ಗೀಟು ಹಾಕು, ಈಗಲೇ ಹಾಕು." ಕೆಂಪು ಪೆನ್ಸಿಲು ಹುಡುಕಿ ತಂದು ಕೈಗಿಟ್ಟ. ಅಕ್ಕ ನಗುತ್ತಲೇ ಕೈಬರಹದ ಅಂಚಿನಲ್ಲಿ, 'ಸ್ವಲ್ಪ ನಿಲ್ಲಿ ಸ್ವಾಮಿ' ಅನ್ನುವ ಸಾಲಿನ ಪಕ್ಕ ಉದ್ದಕ್ಕೆ ಒಂದು ಗೀಟು ಎಳೆದಳು. ತಮ್ಮ ಸೊಪ್ಪು ಸೋಸುತ್ತಾ ಕೂತಿದ್ದವನು ತಲೆಯೆತ್ತಿ ನೋಡಿದ.

ಮಂಗಳವಾರ ಮಧ್ಯಾಹ್ನ ಕಚೇರಿಯಲ್ಲಿ ಟೈಪಿಗೆ ಕೂತಳು. ಪುಟದ ಸಂಖ್ಯೆ ಎಲ್ಲಿಂದ ಮುಂದುವರಿಸಬೇಕೆಂದು ಹಿಂದಿನ ಅಧ್ಯಾಯಗಳ ಕಾರ್ಬನ್ ಪ್ರತಿ ತೆಗೆದಳು. ವಕೀಲರ ಕಚೇರಿಯ ಅಭ್ಯಾಸ, ಪ್ರತಿ ಹಾಳೆಯ ಕೆಳಗೂ ಟೈಪು ಮಾಡಿದ ತಾರೀಖು ಹೊಡೆಯದೆ ಅವಳ ಕೈ ಬಿಡುತ್ತಿರಲಿಲ್ಲ. ತಾರಸಿಯ ಅಧ್ಯಾಯದ ಕೆಳಗೆ ನಾಲ್ಕು ಅಂತ ಇತ್ತು. ತಮ್ಮ ತಾರಸಿಯ ಮೇಲೆ ಸಿಕ್ಕಿಕೊಂಡದ್ದು ಏಳನೇ ತಾರೀಖು. ಅಂಟಿನದು ನೋಡಿದಳು. ಹನ್ನೊಂದು. ಅಂಟು ಮೆತ್ತಿದ್ದು ಹದಿನಾಲ್ಕು.

ನಡೆದದ್ದನ್ನು ಬರೆದಿರಲಿಲ್ಲ, ಬರೆದದ್ದು ನಡೆದಿತ್ತು. ಈಗ ಬರೆದಿರುವುದು ಅಡುಗೆ. ಶನಿವಾರ ಬರುವುದಕ್ಕೆ ಮೂರು ದಿನ ಉಳಿದಿತ್ತು.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ತಮ್ಮ ಸಂತೆಗೆ ಹೋಗಿದ್ದ. ಕೈಬರಹವನ್ನು ಮೇಜಿನ ಮೇಲೆ ರಪ್ಪನೆ ಹಾಕಿದಳು.

"ಚಿಲಕ ಹಾಕಿದ್ದು ಯಾರು ರೀ?"

"ನನಗೇನು ಗೊತ್ತು?" ಕತೆಗಾರ ಕನ್ನಡಕ ಒರೆಸಿದ. "ನಾನು ಕೂತು ಬರೆಯೋನು. ಬರೆಯೋದೂ ತಪ್ಪಾ ಈಗ?"

"ಚೂಟೀ, ಬಾ ಇಲ್ಲಿ. ಚಿಲಕ ಹಾಕಿದ್ದು ನೀನಾ?"

ಹುಡುಗಿ ಅಪ್ಪನ ಕಡೆ ನೋಡಿದಳು. "ಪುಸ್ತಕದಲ್ಲಿ ಚೂಟಿ ಹಾಕ್ತಾಳೆ."

"ನಿನಗೆ ಯಾರು ಹೇಳಿದ್ರು ಹಾಕು ಅಂತ?"

"ಯಾರೂ ಹೇಳ್ಲಿಲ್ಲ. ಉಪ್ಪಿನ ಡಬ್ಬದ ಕೆಳಗೆ ಇರತ್ತೆ, ಓದ್ತೀನಿ. ನಾನು ಮಾಡದೇ ಇದ್ರೆ ಅದು ಸುಳ್ಳಾಗತ್ತಲ್ಲ. ಸುಳ್ಳಾದ್ರೆ ನಗು ಬರಲ್ಲ ಅಂತ ಅಪ್ಪ ಹೇಳಿದಾರೆ."

"ನೋಡು, ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದೆ ಮಗು," ಅಂದ ಕತೆಗಾರ.

"ನಿಮಗೆ ನಾಚಿಕೆ ಆಗಲ್ವಾ? ಎತ್ತರ ಕಂಡ್ರೆ ಸಾಯೋ ಮನುಷ್ಯನ್ನ ಎರಡು ಗಂಟೆ ತಾರಸಿ ಮೇಲೆ..."

"ಮಕ್ಕಳಾಟಕ್ಕೆ ಇಷ್ಟೊಂದು ರಂಪ ಯಾಕೇ?" ಅತ್ತೆ ಒಳಗಿನಿಂದ ಕೂಗಿದರು. "ಅವನೇನು ಸತ್ತನಾ?"

"ಶನಿವಾರ ಅವನ ಜೀವನದ ಪ್ರಶ್ನೆ ಅತ್ತೆ. ಆ ಕೆಲಸ ಸಿಕ್ಕದಿದ್ರೆ ಇನ್ನೆಲ್ಲಿ ಸಿಗತ್ತೆ ಅವನಿಗೆ?"

"ಸಿಕ್ಕಿದ್ರೆ ನನ್ನ ಗತಿ?" ಕತೆಗಾರನ ದನಿ ಮೊದಲ ಸಲ ಏರಿತು. "ಅವನು ಹೋದ ಮೇಲೆ ನಾನು ಯಾರನ್ನ ಬರೀಲಿ? ನಿನ್ನನ್ನಾ? ನಿನ್ನ ಮುಖ ನೋಡಿದ್ರೆ ಯಾವ ಮಗು ನಗತ್ತೆ? ಮತ್ತೆ, ದೊಡ್ಡ ಸಾಧ್ವಿ ಥರ ಮಾತಾಡ್ಬೇಡ." ಹಾಳೆ ಎತ್ತಿ ಅಂಚಿಗೆ ಬೆರಳಿಟ್ಟ. "ಈ ಗೀಟು ಯಾರದು? ಯಾರ ಪೆನ್ಸಿಲು?"

ಅಕ್ಕ ಹಾಳೆ ಕಿತ್ತುಕೊಂಡು ಕೈಚೀಲಕ್ಕೆ ತುರುಕಿದಳು. "ನನ್ನ ತಮ್ಮನಿಗೆ ಒಂದಕ್ಷರ ಗೊತ್ತಾಗಬಾರದು. ಗೊತ್ತಾದ್ರೆ ಇರೋ ಧೈರ್ಯಾನೂ ಹೋಗತ್ತೆ. ಚೂಟೀ, ಆ ಡಬ್ಬ ಮುಟ್ಟಿದ್ರೆ ಕೈ ಮುರೀತೀನಿ, ನೆನಪಿರಲಿ."

"ಮುಟ್ಟಲ್ಲಮ್ಮ," ಅಂದಳು ಚೂಟಿ. ಅಳುಮುಖ ಮಾಡಿಕೊಂಡಿದ್ದಳು, ಅಮ್ಮ ಅಷ್ಟು ಜೋರು ಮಾಡಿದ್ದನ್ನು ಕಂಡಿರಲಿಲ್ಲ.

ಆಮೇಲಿನ ಮೂರು ದಿನ ಅಕ್ಕ ಪೊಲೀಸಿನವಳಂತೆ ಮನೆ ಕಾದಳು. ಮನೆಯಲ್ಲಿದ್ದ ಸೋಡಾಪುಡಿಯ ಪೊಟ್ಟಣವನ್ನು ಕಚೇರಿಗೆ ಒಯ್ದು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು. ಶುಕ್ರವಾರ ಹೊಸ ಉಪ್ಪು ತಂದು, ನಾಲಿಗೆಗೆ ಹಚ್ಚಿ ನೋಡಿ, ಹೊಸ ಡಬ್ಬಕ್ಕೆ ತುಂಬಿ ಮುಚ್ಚಳಕ್ಕೆ ದಾರ ಸುತ್ತಿದಳು. ತಮ್ಮನ ಅಂಗಿಗೆ ಇಸ್ತ್ರಿ ಮಾಡಿದಳು. ಶನಿವಾರ ಬೆಳಿಗ್ಗೆ ಮತ್ತೊಮ್ಮೆ ಉಪ್ಪಿನ ರುಚಿ ನೋಡಿದಳು.

"ಏನು ಮಾಡ್ತೀಯೋ ಅಲ್ಲಿ?"

"ಅನ್ನ, ಬೇಳೆ, ತರಕಾರಿ. ಟೊಮೆಟೊ ಸೂಪು."

"ಸೂಪು ಬೇಡ ಕಣೋ."

"ಅವರೇ ಕೇಳಿದಾರಲ್ಲಕ್ಕ, ಮಕ್ಕಳಿಗೆ ಇಷ್ಟವಂತೆ."

ನಿಲಯದ ಗೇಟಿನವರೆಗೂ ಹೋಗಿ ಬಿಟ್ಟುಬಂದಳು. ಒಳಗೆ ಹೋಗುವಾಗ ಅವನು ತಿರುಗಿ ನೋಡಿ ನಕ್ಕ. ಕೈ ಒಂಚೂರೂ ನಡುಗುತ್ತಿರಲಿಲ್ಲ, ಅದನ್ನು ಅವಳು ವಿಶೇಷವಾಗಿ ಗಮನಿಸಿದಳು. ದಾರಿಯುದ್ದಕ್ಕೂ ಅವಳಿಗೆ ಹಗುರವೆನಿಸಿತು. ಅವನ ಕೋಣೆಗೆ ಒಂದು ಪರದೆ ಹೊಲಿಸಬೇಕು, ಹಳೇ ಕಂಬಳಿ ಒಗೆಸಬೇಕು ಅಂತೆಲ್ಲ ಲೆಕ್ಕ ಹಾಕಿಕೊಂಡು ಬಂದಳು.

ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿಯ ತುಂಬ ಕೆಂಪು ಕಲೆ. ಕೂದಲಿನಲ್ಲಿ ಒಣಗಿದ ನೊರೆ. ಎಡಗೈ ಮೇಲೆ ಬೊಬ್ಬೆ ಎದ್ದಿತ್ತು.

"ಏನಾಯ್ತೋ!"

"ಉಕ್ಕಿತು," ಅಂದ ತಮ್ಮ.

ಅಕ್ಕ ಮಗಳ ರಟ್ಟೆ ಹಿಡಿದಳು. ಕೇಳಲಿಲ್ಲ, ವಿಚಾರಿಸಲಿಲ್ಲ, ಕೆನ್ನೆಗೆ ಎರಡು ಬಿಗಿದಳು. "ಮುಟ್ಟಲ್ಲ ಅಂದ್ಯಲ್ಲೇ! ಮುಟ್ಟಲ್ಲ ಅಂದ್ಯಲ್ಲ!"

"ನಾನಲ್ಲ! ಅಮ್ಮಾ, ನಾನಲ್ಲ!" ಹುಡುಗಿ ಕಿರುಚಿಕೊಂಡಳು.

"ಅವಳಲ್ಲಕ್ಕ, ಬಿಡು." ತಮ್ಮ ಅಕ್ಕನ ಕೈ ಹಿಡಿದ. "ನಾನೇ ಹಾಕಿದ್ದು. ಗೇಟಿನ ಹತ್ತಿರ ನೀನು ಆ ಕಡೆ ಹೋದ ಮೇಲೆ ಎದುರಿನ ಅಂಗಡಿಗೆ ಹೋಗಿ ನಾಲ್ಕು ಪೊಟ್ಟಣ ಸೋಡಾಪುಡಿ ತಗೊಂಡೆ. ನಾಲ್ಕೂ ಹಾಕಿದೆ. ಭಾವ ಬರೆದಿದ್ದಕ್ಕಿಂತ ಜಾಸ್ತಿ ಉಕ್ಕಿತು."

ಕತೆಗಾರ ಕುರ್ಚಿಯಿಂದ ನಿಧಾನವಾಗಿ ಎದ್ದ.

"ನೀನು... ಓದಿದ್ಯಾ?" ಅಕ್ಕ ಕೇಳಿದಳು.

"ದಿನಾ ಮೇಜು ಒರೆಸೋನು ನಾನಲ್ವಾ. ಎಲ್ಲ ಓದ್ತೀನಿ. ಚಿಲಕದ್ದೂ ಓದಿದ್ದೆ. ಅಂಟಿಂದೂ."

"ಓದಿಯೂ ತಾರಸಿ ಹತ್ತಿದ್ಯಾ!"

"ಹತ್ತದೇ ಇದ್ರೆ ಬೋರು ಅಂತ ಬುಟ್ಟಿಗೆ ಹಾಕ್ತಾರೆ. ಆವಾಗ ಊಟದ ಹೊತ್ತಲ್ಲಿ ಯಾರೂ ನನ್ನ ಮುಖ ನೋಡಲ್ಲ ಅಕ್ಕ." ಅವನು ಬಹಳ ಸಾಧಾರಣವಾಗಿ, ತರಕಾರಿ ರೇಟು ಹೇಳುವವನಂತೆ ಹೇಳಿದ.

"ಅದು ಹಾಳಾಗಿ ಹೋಗಲಿ! ಇವತ್ತು ಯಾಕೋ? ಇವತ್ತು ನಿನ್ನ ಕೆಲಸ, ನಿನ್ನ ಕೋಣೆ. ಅದಕ್ಕಿಂತ ಇವರ ಪುಸ್ತಕ ಹೆಚ್ಚಾಯ್ತಾ ನಿನಗೆ? ಥೂ, ದಡ್ಡ ಮುಂಡೇದೇ, ಯಾಕೆ ಹಾಕ್ದೆ?"

"ನಿನ್ನ ಗೀಟು ಇತ್ತಲ್ಲಕ್ಕ," ಅಂದ ತಮ್ಮ. "ಆರು ಪುಸ್ತಕದಲ್ಲೂ ಹುಡುಕಿದೀನಿ. ನೀಲಿ ಇರತ್ತೆ, ಹಸಿರು ಇರತ್ತೆ. ನಿಂದು ಒಂದೂ ಇರ್ಲಿಲ್ಲ. ಇದಕ್ಕೆ ಮಾತ್ರ ಹಾಕಿದ್ದೆ. ಹಾಲು ಉಕ್ಕೋವರೆಗೆ ನಕ್ಕೆಯಲ್ಲ, ನಾನು ನೋಡ್ಲಿಲ್ವಾ? ನಾನು ಬಂದಾಗಿನಿಂದ ಈ ಮನೇಲಿ ನೀನು ಹಾಗೆ ನಕ್ಕಿರಲಿಲ್ಲ. ನಿಜವಾಗಿ ಮಾಡಿದ್ರೆ ಇನ್ನೂ ಚೆನ್ನಾಗಿ ನಗ್ತೀಯ ಅಂದ್ಕೊಂಡೆ."

ಅಕ್ಕ ಅವನ ಕೂದಲಿಗೆ ಅಂಟಿದ ನೊರೆಯನ್ನು ಬೆರಳಿನಿಂದ ಬಿಡಿಸತೊಡಗಿದಳು. ಅತ್ತೆ ಬಂದು ತಮ್ಮನ ಬೊಬ್ಬೆ ನೋಡಿ, "ತಣ್ಣೀರು ಹಾಕ್ಕೋ, ಸಂಜೆ ರೊಟ್ಟಿ ತಟ್ಟಬೇಕಲ್ಲ," ಅಂದರು.

ಕತೆಗಾರ ಆಗಲೇ ಪೆನ್ನು ತೆಗೆದಿದ್ದ. "ನಿಧಾನಕ್ಕೆ ಹೇಳಯ್ಯಾ. ನೊರೆ ಎಲ್ಲಿವರೆಗೆ ಹೋಯ್ತು? ಮಕ್ಕಳು ಏನಂದ್ರು?"

"ಬಾಗಿಲು ದಾಟಿತು ಭಾವ. ನೂರಿಪ್ಪತ್ತು ಮಕ್ಕಳೂ ಬೆಂಚು ಹತ್ತಿ ನಿಂತು ಪುಕ್ಕಲು ಮಾಮ, ಪುಕ್ಕಲು ಮಾಮ ಅಂತ ಕೂಗಿದ್ರು. ಆ ಮೇಡಮ್ಮು ಕಾಲು ಜಾರಿ ಕೂತುಬಿಟ್ರು. ಕೂತ್ಕೊಂಡೇ ನನ್ನನ್ನ ಹೊರಗೆ ಹೋಗು ಅಂದ್ರು."

"ಕೂತ್ಕೊಂಡೇ!" ಕತೆಗಾರ ತೊಡೆ ತಟ್ಟಿದ. "ಇದು ನನಗೆ ಹೊಳೀತಾನೇ ಇರಲಿಲ್ಲ ನೋಡು." ಚೂಟಿಯ ಕೆನ್ನೆ ಇನ್ನೂ ಕೆಂಪಗಿತ್ತು. ಆದರೂ ಅಳು ಮರೆತು ಕಿಸಕ್ಕನೆ ನಕ್ಕಳು.

ಮರುದಿನ ಭಾನುವಾರ. ಮೇಜಿಗೆ ಪೆನ್ಸಿಲು ಬಂದವು. ಟೈಪಿಗೆ ಕಾಯದೆ ಕತೆಗಾರ ಅಕ್ಕನ ಕೈಚೀಲದಿಂದ ತೆಗೆದ ಕೈಬರಹವನ್ನೇ ತಿದ್ದಿಕೊಂಡು ಓದಿದ. ಅರಮನೆ ಹೋಗಿ ವಿದ್ಯಾರ್ಥಿ ನಿಲಯ ಬಂದಿತ್ತು. ರಾಜನ ಜಾಗದಲ್ಲಿ ಜಾರಿಬಿದ್ದ ಮೇಡಮ್ಮು. ಅತ್ತೆ ಹಲ್ಲಿನ ಸೆಟ್ಟು ತೆಗೆದಿಟ್ಟರು. ಚೂಟಿ ಮೇಜಿನ ಮೇಲೆ ಬಿದ್ದು ನಕ್ಕಳು. ಅವನ ಕೈಯ ಹಾಳೆಯ ಅಂಚಿಗೇ ಗೀಟಿನ ಮೇಲೆ ಗೀಟು.

ಅಕ್ಕ ತಟ್ಟೆ ನೋಡುತ್ತಾ ಕೂತಿದ್ದಳು. ಈ ಮನುಷ್ಯನ ಮುಖಕ್ಕೆ ಅನ್ನ ಎರಚಿ, ತಮ್ಮನ ಕೈ ಹಿಡಿದುಕೊಂಡು ಎದ್ದು ಹೋಗಬೇಕೆಂದು ರಾತ್ರಿಯೆಲ್ಲ ಅಂದುಕೊಂಡಿದ್ದಳು. ಎಲ್ಲಿಗೆ ಅನ್ನುವುದೊಂದು ಹೊಳೆದಿರಲಿಲ್ಲ. ಓದು 'ಸ್ವಲ್ಪ ನಿಲ್ಲಿ ಸ್ವಾಮಿ' ಅನ್ನುವಲ್ಲಿಗೆ ಬಂತು. ಬೆನ್ನ ಹಿಂದೆ ಸೌಟಿನ ಸದ್ದು ನಿಂತಿತು. ಅವಳು ತಿರುಗಿದಳು.

ತಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಕತೆಗಾರನನ್ನಾಗಲಿ, ಚೂಟಿಯನ್ನಾಗಲಿ ನೋಡುತ್ತಿರಲಿಲ್ಲ. ಅವನ ಕಣ್ಣು ಕೆಂಪು ಪೆನ್ಸಿಲಿನ ಮೇಲೇ ಇತ್ತು.

ಅಕ್ಕ ಪೆನ್ಸಿಲ್ ತೆಗೆದುಕೊಂಡಳು. ಬಾಯಿ ತೆರೆದಳು, ನಗುವಿನಂಥ ಸದ್ದೊಂದು ಬಂತು. ಮತ್ತೊಮ್ಮೆ ಮಾಡಿದಳು, ಈ ಸಲ ಚೆನ್ನಾಗಿ ಬಂತು. ಗಂಡನ ಕೈಯಿಂದ ಹಾಳೆ ಎಳೆದುಕೊಂಡು ಹಳೆಯ ಗೀಟಿನ ಪಕ್ಕದಲ್ಲಿ ಇನ್ನೊಂದು ಎಳೆದಳು, ಅದರ ಪಕ್ಕ ಮತ್ತೊಂದು.

"ಅಮ್ಮಂದು ಮೂರು!" ಚೂಟಿ ಎಣಿಸಿದಳು. "ಒಟ್ಟು ಇಪ್ಪತ್ತಾರು!"

ತಮ್ಮನ ಮುಖ ಊರಗಲವಾಯಿತು. ಅಕ್ಕನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬೇಳೆ ಬಡಿಸಿದ.

"ಭಾವ," ಅಂದ, "ಮುಂದಿನದು ಉಪ್ಪಿನ ಡಬ್ಬದ ಕೆಳಗೆ ಬೇಗ ಇಡಿ. ಏಣಿದು ಏನಾದ್ರೂ ಬರೀರಿ, ನಾನು ಹತ್ತುತೀನಿ."